ಡಿಫರ್ಡ್ ಟ್ಯಾಕ್ಸ್ ಲಯಬಿಲಿಟಿ ಅಂದ್ರೆ ಯಾರಿಗೆ ಕೊಡ್ಬೇಕಾದ ದುಡ್ಡು?

ನೀವು ಕೇಳಿದ್ದು, ನಮ್ಮ ಪ್ರೈವೇಟ್ ಲಿಮಿಟೆಡ್ ರೈಸ್ ಮಿಲ್‌ಗೆ 15 ಲಕ್ಷದ ಮಷೀನ್ ತಗೊಂಡ್ವಿ, ಟ್ಯಾಕ್ಸೂ ಪೂರ್ತಿ ಕಟ್ಟಿದೀವಿ, ಆದ್ರೂ ಆಡಿಟರ್ 31,460 ರೂಪಾಯಿ ಡಿಫರ್ಡ್ ಟ್ಯಾಕ್ಸ್ ಲಯಬಿಲಿಟಿ ಅಂತ ತೋರಿಸಿದಾರೆ, ಇದು ಬಾಕಿನಾ ಅಂತ. ಬಾಕಿ ಅಲ್ಲ ಮಾರಾಯ್ರೆ, ಈಗ ಕಮ್ಮಿ ಆಗಿ ಮುಂದಿನ ವರ್ಷಗಳಲ್ಲಿ ಜಾಸ್ತಿ ಬರೋ ಟ್ಯಾಕ್ಸಿಗೆ ಪುಸ್ತಕದಲ್ಲಿ ಬರೆದಿಟ್ಟ ಅಂಕಿ ಅಷ್ಟೆ, ಇದಕ್ಕೆ ನೋಟಿಸ್ ಬರಲ್ಲ, ಬಡ್ಡಿನೂ ಇಲ್ಲ.

ನಾನು ಶಿವಮೊಗ್ಗದಲ್ಲಿ ಮಿಲ್‌ಗಳ ಲೆಕ್ಕ ಬರೆಯೋನು. ನಿಮ್ಮ ಅಂಕಿ ಹೀಗೆ ಬಂದಿರ್ಬೇಕು: ಕಂಪನಿ ಪುಸ್ತಕದಲ್ಲಿ ಮಷೀನಿಗೆ 15 ವರ್ಷ ಆಯುಸ್ಸು ಅಂತ ಹಿಡಿದು ವರ್ಷಕ್ಕೆ 1 ಲಕ್ಷ ಡಿಪ್ರಿಸಿಯೇಷನ್, ಅಂದ್ರೆ ಮಷೀನ್ ಸವೆದಿದ್ದಕ್ಕೆ ಬರೆಯೋ ಖರ್ಚು (ಗುಜರಿ ಬೆಲೆ ಬಿಟ್ಟಿದೀನಿ), ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಉಳಿದ ಬೆಲೆ ಮೇಲೆ 15%, ಅಂದ್ರೆ ಮೊದಲನೇ ವರ್ಷನೇ 2.25 ಲಕ್ಷ. ವ್ಯತ್ಯಾಸ 1.25 ಲಕ್ಷ, ಅದಕ್ಕೆ ಕಂಪನಿ ಟ್ಯಾಕ್ಸ್ ರೇಟ್ 25.168% ಹಾಕಿದ್ರೆ 31,460. ಈ ಡಿಪ್ರಿಸಿಯೇಷನ್‌ನ ಮಳೆಗಾಲಕ್ಕೆ ಕೂಡಿಟ್ಟ ಸೌದೆ ಅಂದ್ಕೊಳ್ಳಿ: ಒಟ್ಟು ಸೌದೆ ಎರಡೂ ಕಡೆ ಅದೇ 15 ಲಕ್ಷ, ಟ್ಯಾಕ್ಸ್ ಲೆಕ್ಕದಲ್ಲಿ ಮಳೆ ಶುರುವಾಗೋಕೆ ಮುಂಚೆನೇ ಜಾಸ್ತಿ ಉರಿಸಿಬಿಟ್ರಿ, ಆಷಾಢಕ್ಕೆ ಕಮ್ಮಿ ಉಳಿಯುತ್ತೆ ಅಷ್ಟೆ.

ಆ ಆಷಾಢ ಬರೋದು ಆರನೇ ವರ್ಷ. ಆಗ ಟ್ಯಾಕ್ಸ್ ಡಿಪ್ರಿಸಿಯೇಷನ್ 99,800ರ ಆಸುಪಾಸಿಗೆ ಇಳಿದು ಪುಸ್ತಕದ 1 ಲಕ್ಷಕ್ಕಿಂತ ಕೆಳಗೆ ಹೋಗುತ್ತೆ, ಅಷ್ಟೊತ್ತಿಗೆ 84 ಸಾವಿರದಷ್ಟು ಬೆಳೆದಿರೋ ಈ ಲಯಬಿಲಿಟಿ ಅಲ್ಲಿಂದ ಕರಗೋಕೆ ಶುರು. ಮಧ್ಯೆ ಹೊಸ ಮಷೀನ್ ತಗೊಂಡ್ರೆ ಅದರದ್ದು ಮತ್ತೆ ಸೇರ್ಕೊಳ್ಳುತ್ತೆ.

ಗ್ರಾಚ್ಯುಟಿದು ಉಲ್ಟಾ. ಪುಸ್ತಕದಲ್ಲಿ ಇವತ್ತೇ ಖರ್ಚು ಬರೀತೀವಿ, ಬರೀ ಪ್ರಾವಿಷನ್‌ಗೆ, ಅಂದ್ರೆ ಮುಂದೆ ಕೊಡ್ಬೇಕು ಅಂತ ಬರೆದಿಟ್ಟಿದ್ದಕ್ಕೆ ಇಲಾಖೆ ಒಪ್ಪಲ್ಲ, ದುಡ್ಡು ಕೊಟ್ಟ ವರ್ಷ ಒಪ್ಪುತ್ತೆ, ಹಂಗಾಗಿ ಈಗ ಜಾಸ್ತಿ ಟ್ಯಾಕ್ಸ್, ಮುಂದೆ ಕಮ್ಮಿ, ಅದು ಡಿಫರ್ಡ್ ಟ್ಯಾಕ್ಸ್ ಅಸೆಟ್. ಕಾನೂನು ಮುರಿದಿದ್ದಕ್ಕೆ ಕಟ್ಟಿದ ದಂಡ ಯಾವತ್ತೂ ಒಪ್ಪಲ್ಲ, ಅದು ಪರ್ಮನೆಂಟ್ ವ್ಯತ್ಯಾಸ, ಡಿಫರ್ಡ್ ಟ್ಯಾಕ್ಸೇ ಹುಟ್ಟಲ್ಲ. ಇದರ ಬಗ್ಗೆ ಇರೋ ಅಕೌಂಟಿಂಗ್ ಸ್ಟ್ಯಾಂಡರ್ಡ್ ಎಎಸ್ 22 ಹೇಳೋದು ಇದನ್ನೇ.

ಇಷ್ಟುದ್ದ ಬರೆಯೋಕೆ ಕಾರಣ ಇದೆ. ನಾನು ನೋಡ್ಕೊಳ್ತಿದ್ದ ಒಂದು ಮಿಲ್ಲಲ್ಲಿ ಮೊದಲ ವರ್ಷಗಳ ಕಮ್ಮಿ ಟ್ಯಾಕ್ಸ್ ನೋಡಿ ಉಳಿದಿದ್ದೆಲ್ಲ ಲಾಭ ಅಂತ ಹಂಚ್ಕೊಂಡ್ರು, ಆಮೇಲೆ ಟ್ಯಾಕ್ಸ್ ಏರಿದಾಗ ಭತ್ತ ತಗೋಳೋ ಹೊತ್ತಲ್ಲಿ ಕೈಯಲ್ಲಿ ಕಾಸಿಲ್ಲ, ರೈತರಿಗೆ ದುಡ್ಡು ತಡ ಆಯ್ತು. ಅದು ನನಗೆ ಈಗ್ಲೂ ಬೇಜಾರು. ನಿಮ್ಮಲ್ಲಿ ಡಿವಿಡೆಂಡ್ ಮಾತು ಬಂದಾಗ ಡಿಫರ್ಡ್ ಟ್ಯಾಕ್ಸಿನ ಈ ಲೈನನ್ನ ಒಂದ್ಸಲ ಡೈರೆಕ್ಟರ್‌ಗಳಿಗೆ ತೋರಿಸಿ.