ಹಳೇ ಸಿ10 ಪಿಕಪ್‌ಗೆ 4ಎಲ್60ಇ ಗೇರ್‌ಬಾಕ್ಸ್: ಕಂಟ್ರೋಲರ್ ಯಾವುದು ತಗೋಬೇಕು?

ನಮಸ್ಕಾರ. ನಿಮ್ಮ ಹತ್ತಿರ ಇರುವುದು 1970ರ ಶೆವರ್ಲೆ ಸಿ10 ಪಿಕಪ್. ಅದರಲ್ಲಿ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರಿನ 350 ಎಂಜಿನ್, ಮೂರು ಗೇರಿನ ಟಿಎಚ್350 ಆಟೋಮ್ಯಾಟಿಕ್. ಟಿಎಚ್350 ಇಳಿಸಿ, ಜಂಕ್‌ಯಾರ್ಡಿನಲ್ಲಿ 1995ರ ಪಿಕಪ್ಪಿನಿಂದ ಬಿಚ್ಚಿ ತಂದ, ನಾಲ್ಕು ಗೇರಿನ 4ಎಲ್60ಇ ಕೂರಿಸಬೇಕು, ಅದನ್ನು ನಡೆಸಲು ಯಾವ ಎಲೆಕ್ಟ್ರಾನಿಕ್ ಕಂಟ್ರೋಲರ್ ಕೊಳ್ಳಲಿ ಅಂತ ಕೇಳಿದ್ದೀರಿ. ನನ್ನ ನೇರ ಉತ್ತರ: ಯುಎಸ್ ಶಿಫ್ಟ್ ಕಂಪನಿಯ ಕ್ವಿಕ್ 4 ಅಥವಾ ಇನ್ನೊಂದು ಕಂಪನಿಯ ಕಾಂಪುಶಿಫ್ಟ್, ಎರಡರಲ್ಲಿ ಒಂದು. ಇವೆರಡರ ನಡುವೆ ಯಾವುದು ಅನ್ನುವುದಕ್ಕಿಂತ, ಅದಕ್ಕೆ ಎಂಜಿನ್ ಕಡೆಯಿಂದ ಎಂಥ ಸಿಗ್ನಲ್ ಕೊಡುತ್ತೀರಿ ಅನ್ನುವುದರ ಮೇಲೆ ಗೇರ್‌ಬಾಕ್ಸಿನ ಆಯುಷ್ಯ ನಿಂತಿದೆ. ಹಾಗಾಗಿ ಅದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ಮೊದಲು ಒಂದು ಮಾತು. 4ಎಲ್60ಇಗೆ ಇನ್ನೂ ದುಡ್ಡು ಕೊಟ್ಟಿಲ್ಲವಾದರೆ, ಕಂಪ್ಯೂಟರೇ ಬೇಡದ ದಾರಿಯೂ ಇದೆ. 1982ರಲ್ಲಿ ಬಂದ 700ಆರ್4 ಗೇರ್‌ಬಾಕ್ಸಿನದ್ದೂ ಇದೇ ರೇಶಿಯೋ: 3.06, 1.63, 1.00, 0.70. 1993ರಲ್ಲಿ ಅದಕ್ಕೇ ಎಲೆಕ್ಟ್ರಾನಿಕ್ ನಿಯಂತ್ರಣ ಸೇರಿಸಿ 4ಎಲ್60ಇ ಮಾಡಿದರು. 700ಆರ್4ನಲ್ಲಿ ಕಾರ್ಬ್ಯುರೇಟರಿನಿಂದ ಗೇರ್‌ಬಾಕ್ಸಿಗೆ ಒಂದು ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಹೋಗುತ್ತದೆ, ಅಷ್ಟೇ. ಆದರೆ ಯಾವಾಗ ಗೇರ್ ಬದಲಾಗಬೇಕು, ಒಳಗೆ ಎಷ್ಟು ಪ್ರೆಷರ್ ಇರಬೇಕು ಅನ್ನುವ ಎರಡೂ ಆ ಒಂದೇ ಕೇಬಲ್ಲಿಗೆ ಕಟ್ಟುಬಿದ್ದಿರುತ್ತವೆ. ಬೇರೆ ಕಂಪನಿಯ ಕಾರ್ಬ್ಯುರೇಟರ್ ಹಾಕಿ, ಕೇಬಲ್ ಎಳೆಯುವ ಲೆಕ್ಕ ಸ್ವಲ್ಪ ತಪ್ಪಿದರೂ 3-4 ಕ್ಲಚ್ (ಮೂರು, ನಾಲ್ಕನೇ ಗೇರ್ ಹಿಡಿಯುವ ಪ್ಲೇಟುಗಳು) ಸುಟ್ಟುಹೋಗುತ್ತದೆ. 4ಎಲ್60ಇನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ತಿದ್ದಬಹುದು. ನಾನಾಗಿದ್ದರೆ ಕಂಟ್ರೋಲರಿನ ಖರ್ಚು ಬಿದ್ದರೂ 4ಎಲ್60ಇಯನ್ನೇ ಆರಿಸುತ್ತೇನೆ.

ನಿಮಗೆ ಸಿಕ್ಕಿರುವ ವರ್ಷವೂ ಒಳ್ಳೆಯದೇ. 1993ರಿಂದ 1995ರವರೆಗಿನ ಪೆಟ್ಟಿಗೆಯಲ್ಲಿ (ಗೇರ್‌ಬಾಕ್ಸಿನಲ್ಲಿ) ಬೆಲ್‌ಹೌಸಿಂಗ್, ಅಂದರೆ ಎಂಜಿನ್ನಿಗೆ ಸೇರುವ ಮುಂಭಾಗ, ಕೇಸಿನ ಜೊತೆ ಒಂದೇ ಎರಕ, ನಿಮ್ಮ 350ರಂಥ ಹಳೇ ಸ್ಮಾಲ್ ಬ್ಲಾಕಿಗೆ ನೇರವಾಗಿ ಬೋಲ್ಟ್ ಆಗುತ್ತದೆ. ಮುಂದೆ ಶೆವರ್ಲೆಯ ಹೊಸ ಪೀಳಿಗೆಯ ಎಲ್ಎಸ್ ಎಂಜಿನ್ನಿಗೆಂದು ಬಂದ ಪೆಟ್ಟಿಗೆಗಳ ಇನ್‌ಪುಟ್ ಶಾಫ್ಟ್, ಕನ್ವರ್ಟರ್ (ಎಂಜಿನ್ನಿನ ಎಳೆತವನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಬೇರೆ, ಅವನ್ನು ಇಲ್ಲಿಗೆ ಹೊಂದಿಸುವುದು ತಲೆನೋವು. 1995ರಲ್ಲೇ ಕನ್ವರ್ಟರ್ ಲಾಕಪ್ಪಿಗೆ (ಕನ್ವರ್ಟರ್ ಜಾರದಂತೆ ಬಿಗಿದು ಹಿಡಿಯುವುದಕ್ಕೆ) ಇನ್ನೊಂದು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ನಡೆಯುವ ವಾಲ್ವ್, ಸೇರಿತು, ಲಾಕಪ್ಪನ್ನು ನಿಧಾನವಾಗಿ ಜಾರಿಸುತ್ತಾ ಹಿಡಿಸುವುದು ಅದರ ಕೆಲಸ. ಕಂಟ್ರೋಲರ್ ಸೆಟಪ್ ಮಾಡುವಾಗ ವರ್ಷ ಸರಿಯಾಗಿ ಹೇಳಲೇಬೇಕು ಅನ್ನುವುದು ಇದಕ್ಕೇ. ಆ ಜಾರಿಕೆಯಿಂದ ವಾಲ್ವ್ ಬಾಡಿ ಸವೆಯುತ್ತದೆ ಅಂತ ಎಷ್ಟೋ ರಿಪೇರಿ ಅಂಗಡಿಯವರು ಅದನ್ನು ಮುಚ್ಚಿ, ಲಾಕಪ್ ಒಂದೇ ಸಲಕ್ಕೆ ಹಿಡಿಯುವಂತೆ ಮಾಡಿರುತ್ತಾರೆ. ನಿಮ್ಮ ಪೆಟ್ಟಿಗೆ ಒಮ್ಮೆ ಬಿಚ್ಚಿ ಕಟ್ಟಿದ್ದಾದರೆ ಇದನ್ನು ಕೇಳಿ ತಿಳಿದುಕೊಳ್ಳಿ.

ಪ್ರತ್ಯೇಕ ಕಂಟ್ರೋಲರ್ ಬೇಡವೇ ಬೇಡದ ಸಂದರ್ಭವೂ ಇದೆ. ಮುಂದೆಂದಾದರೂ ಈ 350 ಇಳಿಸಿ 2000ದ ಆಸುಪಾಸಿನ ಟ್ರಕ್ಕಿನ ಎಲ್ಎಸ್ ಎಂಜಿನ್ ಹಾಕುವ ಯೋಚನೆ ಇದ್ದರೆ, ಅದರ ಫ್ಯಾಕ್ಟರಿ ಕಂಪ್ಯೂಟರೇ 4ಎಲ್60ಇಯನ್ನೂ ನಡೆಸುತ್ತದೆ. ಹಾಲಿ (Holley) ಕಂಪನಿಯ ಟರ್ಮಿನೇಟರ್ ಎಕ್ಸ್ ಮ್ಯಾಕ್ಸ್ ಎಂಬ ಎಂಜಿನ್ ಕಂಪ್ಯೂಟರ್ ಹಾಕಿದರೂ ಹಾಗೇ. ‘ಮ್ಯಾಕ್ಸ್’ ಇಲ್ಲದ ಬರೀ ಟರ್ಮಿನೇಟರ್ ಎಕ್ಸ್ ಗೇರ್‌ಬಾಕ್ಸನ್ನು ನಡೆಸುವುದಿಲ್ಲ, ಕೊಳ್ಳುವಾಗ ನೋಡಿ ಕೊಳ್ಳಿ. ವರ್ಷದೊಳಗೆ ಇಂಥ ಬದಲಾವಣೆ ಮಾಡುವುದು ಖಚಿತವಾದರೆ ಈಗ ಕಂಟ್ರೋಲರಿಗೆ ದುಡ್ಡು ಸುರಿಯಬೇಡಿ. ಆರು ಗೇರಿನ 6ಎಲ್80 ಹಾಕಿ ಅಂತ ಯಾರಾದರೂ ಹೇಳಿದರೆ, ಕಾರ್ಬ್ಯುರೇಟರ್ ಗಾಡಿಗೆ ಬೇಡ ಅನ್ನುತ್ತೇನೆ. ಅದರ ಕಂಪ್ಯೂಟರ್ ಪೆಟ್ಟಿಗೆಯ ಒಳಗೆ, ಆಯಿಲ್ಲಿನಲ್ಲೇ ಮುಳುಗಿ ಕೂತಿರುತ್ತದೆ. ಅದಕ್ಕೆ ಜೊತೆಗಾರನಾಗಿ ಜಿಎಂನ (ಶೆವರ್ಲೆಯ ಮಾತೃಸಂಸ್ಥೆ ಜನರಲ್ ಮೋಟಾರ್ಸ್) ಎಂಜಿನ್ ಕಂಪ್ಯೂಟರನ್ನೇ ನಿರೀಕ್ಷಿಸುವ ಪೆಟ್ಟಿಗೆ ಅದು.

ಈಗ ಮುಖ್ಯ ವಿಷಯ. 4ಎಲ್60ಇ ಒಳಗೆ ಎ ಮತ್ತು ಬಿ ಅಂತ ಎರಡು ಶಿಫ್ಟ್ ಸೊಲೆನಾಯ್ಡ್ ಇವೆ. ಯಾವ ಗೇರ್ ಅನ್ನುವುದನ್ನು ಅವು ತೀರ್ಮಾನಿಸುತ್ತವೆ, ಅವನ್ನು ಆನ್ ಆಫ್ ಮಾಡುವುದು ಯಾವ ಅಗ್ಗದ ಡಬ್ಬಿಗೂ ಬರುತ್ತದೆ. ಕಷ್ಟ ಇರುವುದು ಲೈನ್ ಪ್ರೆಷರಿನಲ್ಲಿ. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವ ಆಯಿಲ್ ಪ್ರೆಷರ್ ಅದು. ಅದನ್ನು ನಡೆಸುವ ಸೊಲೆನಾಯ್ಡಿಗೆ ಕರೆಂಟ್ ಸೊನ್ನೆಯಾದರೆ ಪೂರ್ತಿ ಪ್ರೆಷರ್, 1.1 ಆಂಪಿಯರ್ ಕೊಟ್ಟರೆ ಅತಿ ಕಡಿಮೆ ಪ್ರೆಷರ್. ಪ್ರೆಷರ್ ಹೆಚ್ಚಾದರೆ ಗೇರ್ ಬೀಳುವಾಗ ಧಡ್ ಅನ್ನುತ್ತದೆ, ಕೂತವರಿಗೆ ಕಿರಿಕಿರಿ. ಕಡಿಮೆಯಾದರೆ ಗೇರ್ ಬೆಣ್ಣೆಯಂತೆ ಬೀಳುತ್ತದೆ, ಒಳಗೆ ಮಾತ್ರ ಪ್ಲೇಟುಗಳು ಜಾರಿ ಜಾರಿ ಸುಡುತ್ತಿರುತ್ತವೆ. ನುಣುಪಾಗಿ ಬೀಳುತ್ತಿದೆ ಅಂತ ಖುಷಿಪಡುವ ಮುಂಚೆ ಇದು ನೆನಪಿರಲಿ.

ಎಂಜಿನ್ ಎಷ್ಟು ಜೋರಾಗಿ ಎಳೆಯುತ್ತಿದೆ ಅಂತ ಗೊತ್ತಿಲ್ಲದೆ ಕಂಟ್ರೋಲರ್ ಸರಿಯಾದ ಪ್ರೆಷರ್ ಕೊಡಲಾರದು. ಕಾರ್ಬ್ಯುರೇಟರ್ ಎಂಜಿನ್ನಿನಲ್ಲಿ ಅದನ್ನು ಹೇಳುವುದಕ್ಕೆ ಇರುವುದು ಥ್ರಾಟಲ್ ಪೊಸಿಷನ್ ಸೆನ್ಸರ್, ಅಂದರೆ ಟಿಪಿಎಸ್. ಆಕ್ಸಿಲರೇಟರ್ ಎಷ್ಟು ತುಳಿದಿದ್ದೀರಿ ಅನ್ನುವುದನ್ನಷ್ಟೇ ಅದು ಹೇಳುತ್ತದೆ, ಎಳೆತ ಎಷ್ಟು ಅಂತ ಅಲ್ಲ. ಎರಡೂ ಒಂದೇ ಅಲ್ಲ. ಕಡಿಮೆ ಆರ್‌ಪಿಎಂನಲ್ಲಿ ಥ್ರಾಟಲ್ ಮೂರನೇ ಒಂದು ಭಾಗ ತೆರೆದರೆ ಸಾಕು, ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಹೆಚ್ಚುಕಡಿಮೆ ಬಿದ್ದುಹೋಗಿ ಎಂಜಿನ್ ತನ್ನ ಬಹುಪಾಲು ಟಾರ್ಕ್ ಕೊಡುತ್ತಿರುತ್ತದೆ. ಸೆನ್ಸರ್ ಮಾತ್ರ ‘ಇನ್ನೂ 33 ಪರ್ಸೆಂಟ್’ ಅನ್ನುತ್ತಿರುತ್ತದೆ. ಆದ್ದರಿಂದ ಪ್ರೆಷರ್ ಟೇಬಲ್ ಥ್ರಾಟಲಿನ ಜೊತೆ ಸಮನಾಗಿ ಏರುವ ನೇರ ಗೆರೆಯಾಗಿರಬಾರದು. ಮೊದಲ ಮೂರನೇ ಒಂದು ಭಾಗದಲ್ಲೇ ಚುರುಕಾಗಿ ಏರಿ, ಆಮೇಲೆ ನಿಧಾನವಾಗಬೇಕು. ಈ ಟೇಬಲ್ಲನ್ನು ನಿಮ್ಮ ಕೈಗೆ ಕೊಡದ ಕಂಟ್ರೋಲರನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ನಾನು ಕೊಳ್ಳುವುದಿಲ್ಲ. ಕ್ವಿಕ್ 4 ಮತ್ತು ಕಾಂಪುಶಿಫ್ಟ್ ಎರಡರಲ್ಲೂ ಅದನ್ನು ತಿದ್ದಬಹುದು, ಹೆಸರಿಸಲು ಅದೇ ಕಾರಣ. ವೈರಿಂಗ್, ಟ್ಯೂನಿಂಗ್ ಎಲ್ಲ ಕೂತು ಮಾಡುವ ಆಸೆ, ಸಮಯ ಎರಡೂ ಇದ್ದರೆ ಮೈಕ್ರೋಸ್ಕ್ವರ್ಟ್ ಕೂಡ ಇದೆ. ಆದರೆ ದಿನಾ ಓಡಿಸುವ ಗಾಡಿಗೆ, ಮೊದಲ ಸಲ ಮಾಡುವವರಿಗೆ ಅದನ್ನು ನಾನು ಹೇಳುವುದಿಲ್ಲ.

ಟಿಪಿಎಸ್ ಕೂರಿಸುವ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಇಟ್ಟುಕೊಳ್ಳಿ. ಬ್ರಾಕೆಟ್ಟನ್ನು ಕಾರ್ಬ್ಯುರೇಟರಿನ ಬುಡದ ಸ್ಟಡ್ಡಿಗೆ ಕಟ್ಟಿ, ಚಿಕ್ಕ ಲಿಂಕ್ ಕಡ್ಡಿಯಿಂದ ಥ್ರಾಟಲ್ ಲಿವರಿಗೆ ಸೇರಿಸಬೇಕು. ಕಡ್ಡಿಯಲ್ಲಿ ಲೊಡಲೊಡ ಇರಬಾರದು, ಥ್ರಾಟಲನ್ನು ವಾಪಸ್ ಎಳೆಯುವ ಸ್ಪ್ರಿಂಗ್ ಕಾರ್ಬ್ಯುರೇಟರಿನ ಮೇಲೇ ಇರಬೇಕು, ಸೆನ್ಸರಿನ ಮೇಲೆ ಭಾರ ಬೀಳಬಾರದು. ಆಮೇಲೆ ಮಲ್ಟಿಮೀಟರ್ ಹಿಡಿದು ಸಿಗ್ನಲ್ ತಂತಿ ನೋಡಿ: ಪೆಡಲ್ ಬಿಟ್ಟಾಗ 0.5 ವೋಲ್ಟ್ ಆಸುಪಾಸು, ಪೂರ್ತಿ ತುಳಿದಾಗ 4.5 ವೋಲ್ಟ್ ಆಸುಪಾಸು ಇರಲಿ. ಬಾನೆಟ್ ಎತ್ತಿ ಕೈಯಲ್ಲಿ ಲಿವರ್ ಎಳೆದು ಅಳೆಯಬೇಡಿ, ಒಬ್ಬರನ್ನು ಸೀಟಿನಲ್ಲಿ ಕೂರಿಸಿ ಪೆಡಲ್ ತುಳಿಸಿ. ಕೇಬಲ್ ಸಡಿಲವೋ ಕಾರ್ಪೆಟ್ ದಪ್ಪವೋ, ಕೈಯಲ್ಲಿ ಬಂದಷ್ಟು ಕಾಲಲ್ಲಿ ಬಾರದೇ ಹೋಗಬಹುದು. ಮಧ್ಯದಲ್ಲಿ ನಿಧಾನವಾಗಿ ಏರಿಸುತ್ತಾ ಹೋದಾಗ ವೋಲ್ಟೇಜ್ ಎಲ್ಲೂ ಕುಪ್ಪಳಿಸಬಾರದು. ಕೆಳಗಿನ ತುದಿ ಸೊನ್ನೆ ಯಾಕಲ್ಲ ಅಂದರೆ, ತಂತಿ ಕಿತ್ತುಹೋದಾಗ ಸೊನ್ನೆ ಬರುತ್ತದೆ. ಆಗ ಅದನ್ನು ‘ಪೆಡಲ್ ಬಿಟ್ಟಿದ್ದಾರೆ’ ಅಂದುಕೊಂಡು ಕಂಟ್ರೋಲರ್ ಪ್ರೆಷರ್ ಇಳಿಸಿಬಿಟ್ಟರೆ, ಏರಿನಲ್ಲಿ ಹೋಗುತ್ತಿರುವ ಗಾಡಿಯ ಕ್ಲಚ್ ಕೆಲವೇ ನಿಮಿಷದಲ್ಲಿ ಮುಗಿದಂತೆ. ಸಿಗ್ನಲ್ ಮಿತಿ ದಾಟಿದರೆ ತಾನಾಗಿ ಪೂರ್ತಿ ಪ್ರೆಷರಿಗೆ ಹೋಗುತ್ತದೆಯೇ ಅಂತ ಮಾರುವವರನ್ನು ಬಾಯಿಬಿಟ್ಟು ಕೇಳಿ.

ಉಳಿದ ಸಿಗ್ನಲ್‌ಗಳು ಸುಲಭ. ಗೇರ್ ಲಿವರ್ ಎಲ್ಲಿದೆ ಅನ್ನುವುದನ್ನು ಪೆಟ್ಟಿಗೆಯೊಳಗಿನ ಪ್ರೆಷರ್ ಸ್ವಿಚ್‌ಗಳೇ ಹೇಳುತ್ತವೆ. ಫೋರ್ಡ್ ಎಫ್-100ಗೆ 4ಆರ್70ಡಬ್ಲ್ಯೂ ಹಾಕುವವರಿಗೆ ಈ ಅನುಕೂಲ ಇಲ್ಲ, ಲಿವರಿನ ಶಾಫ್ಟ್ ಮೇಲಿನ ಸೆನ್ಸರ್ ಪೆಟ್ಟಿಗೆಯ ಜೊತೆಗೇ ತರಬೇಕು. ವೇಗಕ್ಕೆ ಹಿಂಭಾಗದ ಸೆನ್ಸರ್, ಔಟ್‌ಪುಟ್ ಶಾಫ್ಟ್ ಒಂದು ಸುತ್ತು ಸುತ್ತಿದರೆ 40 ಪಲ್ಸ್. ಆರ್‌ಪಿಎಂ ಕಾಯಿಲ್ ನೆಗೆಟಿವ್ ಕಡೆಯಿಂದ, ಎಂಟು ಸಿಲಿಂಡರ್ ಆದ್ದರಿಂದ ಸುತ್ತಿಗೆ ನಾಲ್ಕು ಪಲ್ಸ್. ಬ್ರೇಕ್ ತುಳಿದಾಗ ಲಾಕಪ್ ಬಿಡಿಸಲು ಬ್ರೇಕ್ ಲೈಟ್ ಸ್ವಿಚ್ಚಿನಿಂದ ಒಂದು ತಂತಿ. ಸ್ಪಾರ್ಕ್ ಪ್ಲಗ್ಗಿನ ತಂತಿಗಳ ಹತ್ತಿರ ಇವು ಯಾವುದೂ ಸುಳಿಯಬಾರದು. ಡಬ್ಬಿಯನ್ನು ಎಂಜಿನ್ ಕಡೆ ಇಡದೆ ಕ್ಯಾಬಿನೊಳಗೆ, ಗ್ಲೋವ್‌ಬಾಕ್ಸಿನ ಹಿಂದೆ ಕೂರಿಸಿ. ಕೀ ಸ್ಟಾರ್ಟಿಗೆ ತಿರುಗಿಸಿದಾಗಲೂ ಅದಕ್ಕೆ ಪವರ್ ತಪ್ಪಬಾರದು. ಐವತ್ತು ವರ್ಷದ ಗಾಡಿಯ ಬಾಡಿಯನ್ನು ಅರ್ಥಿಂಗಿಗೆ ನಂಬಬೇಡಿ, ಬ್ಯಾಟರಿ ನೆಗೆಟಿವ್‌ವರೆಗೆ ಹೊಸ ತಂತಿ ಎಳೆಯಿರಿ.

ಸ್ಪೀಡೋಮೀಟರನ್ನು ಬಹಳ ಜನ ಮರೆಯುತ್ತಾರೆ. ನಿಮ್ಮದು ಕೇಬಲ್ ಮೀಟರ್, 4ಎಲ್60ಇನಲ್ಲಿ ಕೇಬಲ್ ಸಿಕ್ಕಿಸುವ ಜಾಗವೇ ಇಲ್ಲ. ಪಲ್ಸ್ ನೋಡಿಕೊಂಡು ಕೇಬಲ್ಲನ್ನು ತಿರುಗಿಸುವ ಮೋಟರ್ ಡಬ್ಬಿ ಬೇಕು, ಇಲ್ಲವೇ ಎಲೆಕ್ಟ್ರಾನಿಕ್ ಮೀಟರ್. ಕಂಟ್ರೋಲರಿನಿಂದ ಸ್ಪೀಡೋಮೀಟರ್ ಔಟ್‌ಪುಟ್ ಬರುತ್ತದೆಯೇ, ತಂತಿ ಕಟ್ಟು ಮತ್ತು ಟಿಪಿಎಸ್ ಕಿಟ್ ಅದೇ ಬೆಲೆಯಲ್ಲಿ ಸೇರಿವೆಯೇ, ಅಡಚಣೆಯಾದರೆ ಫೋನ್ ಎತ್ತಿ ಮಾತಾಡುವವರು ಇದ್ದಾರೆಯೇ, ಇವನ್ನು ಕೇಳಿದ ಮೇಲೆಯೇ ಎರಡು ಕಂಪನಿಗಳ ನಡುವೆ ಆರಿಸಿ. ನನ್ನ ಲೆಕ್ಕದಲ್ಲಿ ಕೊನೆಯದಕ್ಕೇ ಹೆಚ್ಚು ತೂಕ.

ಪೆಟ್ಟಿಗೆ ನೆಲದ ಮೇಲಿರುವಾಗಲೇ ಅದರ ದುಂಡನೆಯ ಕನೆಕ್ಟರಿನಲ್ಲಿ ಓಮ್ ಅಳೆದುಬಿಡಿ. ಶಿಫ್ಟ್ ಸೊಲೆನಾಯ್ಡ್ ಒಂದೊಂದೂ 20 ಓಮ್ ಆಸುಪಾಸು, ಪ್ರೆಷರ್ ಸೊಲೆನಾಯ್ಡ್ 3ರಿಂದ 5 ಓಮ್ ತೋರಿಸಬೇಕು. ಕೂರಿಸಿದ ಮೇಲೆ ಕಂಟ್ರೋಲರಿನ ಫ್ಯೂಸ್ ತೆಗೆದು ಡ್ರೈವಿಗೆ ಹಾಕಿ ನಿಧಾನವಾಗಿ ಹೊರಡಿಸಿ. ಎರಡೂ ಸೊಲೆನಾಯ್ಡ್ ಆಫ್ ಆದಾಗ 4ಎಲ್60ಇ ಮೂರನೇ ಗೇರಿನಲ್ಲಿ, ಪೂರ್ತಿ ಪ್ರೆಷರಿನಲ್ಲಿ ನಿಲ್ಲುತ್ತದೆ. ಭಾರವಾಗಿ, ಆದರೆ ಜಾರದೆ ಗಾಡಿ ಮುಂದೆ ಹೋದರೆ ಪಂಪು, ಕ್ಲಚ್ಚುಗಳು ಹೆಚ್ಚುಕಡಿಮೆ ಆರೋಗ್ಯವಾಗಿವೆ ಅಂತ ಅರ್ಥ. ದಾರಿಯಲ್ಲಿ ಕಂಟ್ರೋಲರ್ ಕೈಕೊಟ್ಟರೂ ಹೀಗೇ ಮನೆ ಸೇರಬಹುದು. ದೊಡ್ಡಣ್ಣ 4ಎಲ್80ಇ ಇದೇ ಪರಿಸ್ಥಿತಿಯಲ್ಲಿ ಎರಡನೇ ಗೇರಿನಲ್ಲಿ ನಿಲ್ಲುತ್ತದೆ.

ಫ್ಯೂಸ್ ವಾಪಸ್ ಹಾಕಿ ಮೊದಲ ಸಲ ರಸ್ತೆಗಿಳಿಯುವಾಗ ಪ್ರೆಷರ್ ಟೇಬಲ್ಲನ್ನು ಬೇಕೆಂದೇ ಸ್ವಲ್ಪ ಮೇಲಿಟ್ಟುಕೊಳ್ಳಿ. ಧಡ್ ಅನ್ನುವುದನ್ನು ದಿನಕ್ಕಿಷ್ಟು ಅಂತ ಇಳಿಸುತ್ತಾ ಬನ್ನಿ, ಕೆಳಗಿನಿಂದ ಮೇಲಕ್ಕೆ ಹೋಗಬೇಡಿ. ಲಾಕಪ್ಪನ್ನು ಮೊದಲ ದಿನ ಆಫ್ ಇಡಿ, ಶಿಫ್ಟುಗಳು ಸರಿಹೋದ ಮೇಲೆ ನಾಲ್ಕನೇ ಗೇರಿಗಷ್ಟೇ ಕೊಡಿ.

ಹಿಂದಿನ ಆಕ್ಸಲ್ ರೇಶಿಯೋ, ಟೈರಿನ ಎತ್ತರ ನೀವು ಬರೆದಿಲ್ಲ. ಅದು 3.73 ಆಗಿದ್ದು ಟೈರ್ 28 ಇಂಚಾದರೆ, ಈಗ ಗಂಟೆಗೆ 65 ಮೈಲಿಯಲ್ಲಿ ಎಂಜಿನ್ ಸುಮಾರು 2,900 ಆರ್‌ಪಿಎಂ ತಿರುಗುತ್ತಿರುತ್ತದೆ. ನಾಲ್ಕನೇ ಗೇರಿನಲ್ಲಿ ಲಾಕಪ್ ಹಿಡಿದಾಗ ಅದು 2,040ರ ಹತ್ತಿರಕ್ಕೆ ಇಳಿಯುತ್ತದೆ. ರೇಶಿಯೋ 3.07 ಆಗಿದ್ದರೆ ನಾಲ್ಕನೇ ಗೇರ್ ಅತಿ ಉದ್ದವಾಗಿ, ಸಣ್ಣ ಏರಿಗೂ ಮೂರಕ್ಕೆ ಬಿದ್ದು ಮತ್ತೆ ಏರುತ್ತಾ ಒದ್ದಾಡುತ್ತದೆ. ಆಗ ಶಿಫ್ಟ್ ಟೇಬಲ್ ಬೇರೆ ಥರ ಬರೆಯಬೇಕಾಗುತ್ತದೆ. ಎರಡೂ ಅಳೆದು ಕೆಳಗೆ ಬರೆಯಿರಿ, ಶುರುವಿಗೆ ಹಾಕಿಕೊಳ್ಳಬಹುದಾದ ಶಿಫ್ಟ್ ವೇಗಗಳನ್ನು ಲೆಕ್ಕ ಹಾಕಿ ಕೊಡುತ್ತೇನೆ.