ರಾತ್ರಿ ಎರಡೂವರೆಯ ಅಲಾರಂ

‘ಮೊಬೈಲ್ ಕಿತ್ತುಕೊಂಡರೆ ಸರಿಹೋಗ್ತಾನಾ?’ ಎಂದು ಕೇಳಿಕೊಂಡು ನನ್ನ ಬಳಿ ಆಪ್ತಸಮಾಲೋಚನೆಗೆ ಬರುವ ಅಪ್ಪ-ಅಮ್ಮಂದಿರು ಈಗೀಗ ಹೆಚ್ಚು. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಹುಡುಗ ಬಿ.ಕಾಂ. ಎರಡನೇ ವರ್ಷ. ಅಪ್ಪನದು ಹೋಟೆಲ್. ನಾಲ್ಕು ತಿಂಗಳಿಂದ ವಿಮಾನ ಕಂಪನಿ ನಡೆಸುವ ಆಟವೊಂದಕ್ಕೆ ಅಂಟಿಕೊಂಡಿದ್ದ. ಅದರಲ್ಲಿ ವಿಮಾನ ನಿಜವಾದ ಗಂಟೆಗಳ ಲೆಕ್ಕದಲ್ಲೇ ಹಾರುತ್ತದೆ. ಇಳಿದ ಮೇಲೆ ನಾವೇ ಹೊರಡಿಸದಿದ್ದರೆ ನಿಂತಲ್ಲೇ ನಿಂತಿರುತ್ತದೆ, ಸಂಪಾದನೆ ಇಲ್ಲ. ಹಾಗಾಗಿ ರಾತ್ರಿ ಎರಡೂವರೆಗೆ ಅಲಾರಂ, ಬೆಳಿಗ್ಗೆ ಕ್ಲಾಸಿಗೆ ಚಕ್ಕರ್.

ಎರಡು ಭೇಟಿ ಬಾಯಿ ಬಿಡಲಿಲ್ಲ. ಮೂರನೆಯದರಲ್ಲಿ, ‘ನಿನ್ನ ಕಂಪನಿ ಲಾಭದಲ್ಲಿದೆಯಾ?’ ಎಂದೆ. ತಲೆ ಎತ್ತಿದ. 180 ಸೀಟಿನ ಏರ್‌ಬಸ್ ಎ320ಗಳನ್ನು ಓಡಿಸಿ ದುಡ್ಡು ಕೂಡಿಸಿದ್ದು, ಆಸೆಗೆ ಬಿದ್ದು ಸಾಲದಲ್ಲಿ ಅದಕ್ಕಿಂತ ಬಹಳ ದೊಡ್ಡದಾದ ಬೋಯಿಂಗ್ 777 ಕೊಂಡದ್ದು, ಅದರ ಅರ್ಧ ಸೀಟು ಖಾಲಿ ಹೋದದ್ದು, ಇಂಧನ ಏರಿದಾಗ ಉಳಿದ ವಿಮಾನಗಳ ದುಡಿಮೆಯನ್ನೆಲ್ಲ ಅದೊಂದೇ ನುಂಗಿದ್ದು, ಎಲ್ಲ ಹೇಳಿದ. 2005ರಲ್ಲಿ ಹಾರಲು ಶುರುಮಾಡಿದ ಕಿಂಗ್‌ಫಿಷರ್ 2012ರಲ್ಲಿ ನಿಂತ ಕಥೆಯನ್ನೂ ಓದಿಕೊಂಡಿದ್ದ. ‘ಕೊನೆಗೆ ಆ 777ನ ನಷ್ಟಕ್ಕೇ ಮಾರಿದೆ ಮೇಡಂ. ಒಂದೇ ಜಾತಿ ವಿಮಾನ ಇಟ್ಕೊಂಡು, ಸೀಟು ತುಂಬೋ ಕಡೆ ಮಾತ್ರ ಟ್ರಿಪ್ ಹೆಚ್ಚಿಸಿದೆ. ಈಗ ಲಾಭ.’

‘ಮಾರುವಾಗ ಬೇಜಾರಾಗಲಿಲ್ವಾ?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಪ್ಪ ಬೈಪಾಸಲ್ಲಿ ಎರಡನೇ ಹೋಟೆಲ್ ತೆಗೆದಿದ್ದಾರೆ. ಹಳೇ ಹೋಟೆಲಿನ ಗಲ್ಲಾದ ದುಡ್ಡೆಲ್ಲ ಅದರ ಬಡ್ಡಿಗೇ ಹೋಗ್ತಿದೆ. ಮುಚ್ಚಿಬಿಡಿ ಅಂದೆ. ನಿಂಗೇನು ಗೊತ್ತು ಅಂದ್ರು.’

ಅಲ್ಲಿಂದ ನನ್ನ ಸಲಹೆಯ ದಿಕ್ಕೇ ಬದಲಾಯಿತು. ಆಟವನ್ನು ಅಳಿಸಿಹಾಕಿಸಬೇಕಿತ್ತು ಎನ್ನುವ ಸಹೋದ್ಯೋಗಿಗಳಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಯಲ್ಲಿ ಯಾರೂ ಕಿವಿಗೊಡದ ಲೆಕ್ಕವನ್ನು ಅವನು ಅಲ್ಲಿ ಮಾಡಿ ನೋಡುತ್ತಿದ್ದ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರ ಪ್ರಕಾರ ಆಟದ ಗೀಳನ್ನು ಕಾಯಿಲೆ ಎನ್ನಬೇಕಾದರೆ ಹಿಡಿತ ತಪ್ಪಿರಬೇಕು, ಬದುಕಿನ ಬೇರೆಲ್ಲವನ್ನೂ ಆಟ ಹಿಂದೆ ತಳ್ಳಿರಬೇಕು, ಕೆಡುಕಾದರೂ ಬಿಡಲಾಗದಿರಬೇಕು. ಅದೂ ಸಾಮಾನ್ಯವಾಗಿ 12 ತಿಂಗಳು. ನಿಮ್ಮ ಮಗುವಿನ ಸ್ಥಿತಿ ಹಾಗಿದ್ದರೆ ತಡಮಾಡಬೇಡಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಇದಕ್ಕೆಂದೇ ‘ಷಟ್’ ಕ್ಲಿನಿಕ್ ಇದೆ. ಇವನದು ಅಲ್ಲಿಗೆ ಮುಟ್ಟಿರಲಿಲ್ಲ. ನಿದ್ದೆ ಮಾತ್ರ ಪೂರ್ತಿ ಕೆಟ್ಟಿತ್ತು.

ಹತ್ತು ಗಂಟೆಗೆ ಮೊಬೈಲ್ ಹಾಲ್‌ನಲ್ಲಿಡು ಎಂದೆ. ರಾತ್ರಿಗೆ ದೂರದ ಮಾರ್ಗಗಳನ್ನೇ ಹಾಕು, ನೀನು ಏಳುವ ಹೊತ್ತಿಗೆ ಇಳಿದರೆ ಸಾಕು. ಅಪ್ಪನಿಗೆ ಹೇಳಿದ್ದು: ಭಾನುವಾರ ಅರ್ಧ ಗಂಟೆ ಎರಡೂ ಹೋಟೆಲಿನ ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಮಗನ ಜೊತೆ ಕೂರಿ. ಮುಚ್ಚುವುದು ಬಿಡುವುದು ನಿಮ್ಮ ತೀರ್ಮಾನ. ‘ನಿಂಗೇನು ಗೊತ್ತು’ ಅಂತ ಮಾತ್ರ ಅನ್ನಬೇಡಿ.

ಬೈಪಾಸ್ ಹೋಟೆಲ್ ಇನ್ನೂ ತೆರೆದೇ ಇದೆ. ಹುಡುಗನಿಗೆ ಒಂದು ಪೇಪರ್ ಬಾಕಿ. ಅಲಾರಂ ತೆಗೆದು ಆರು ವಾರವಾಯಿತು.