ಕಾಡುಬಸಳೆ ಇರಬೇಕು, ನೀರು ಕಡಿಮೆ ಮಾಡಿ

ನಿಮ್ಮ ಗಿಡ ಯಾವುದು, ಹಗಲಲ್ಲಿ ಎಲೆಯ ಗಾಳಿಯಾಡುವ ಸಣ್ಣ ರಂಧ್ರಗಳು ಮುಚ್ಚಿರುವುದರಿಂದ ಹೆಚ್ಚು ನೀರು ಬೇಕಾ ಅಂತ ಕೇಳಿದ್ದೀರಿ. ದಪ್ಪ ಎಲೆ, ಉದುರಿದ ಎಲೆಯಂಚಿನಲ್ಲಿ ಮರಿಗಿಡ ಅಂದಿದ್ದೀರಿ. ಬಹುಶಃ ಕಾಡುಬಸಳೆ. ಗಿಡದಲ್ಲಿರುವಾಗಲೇ ಎಲೆಯಂಚಿನ ತುಂಬಾ ಸಾಲಾಗಿ ಮರಿ ಬರುತ್ತಿದ್ದರೆ ಅದರ ಹತ್ತಿರದ ನೆಂಟ, 'ಮದರ್ ಆಫ್ ಥೌಸಂಡ್ಸ್'. ಎರಡಕ್ಕೂ ಆರೈಕೆ ಒಂದೇ.

ಹಗಲಲ್ಲಿ ಎಲೆಯ ರಂಧ್ರ ಮುಚ್ಚಿರುವುದು ಬಾಯಾರಿಕೆಯಲ್ಲ. ನೀರು ಉಳಿಸಲು ಇದು ರಾತ್ರಿ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತದೆ. ಅದನ್ನು ಮ್ಯಾಲಿಕ್ ಆಮ್ಲ ಎಂಬ ಹುಳಿ ಪದಾರ್ಥವಾಗಿ ಕೂಡಿಟ್ಟು, ಬಿಸಿಲು ಬಂದಮೇಲೆ ಸಕ್ಕರೆ ಮಾಡುತ್ತದೆ. ಇದರ ಎಲೆ ಬೆಳಿಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಅಂತ ಲಾಲ್‌ಬಾಗ್ ನೋಡಿಕೊಂಡಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೇನ್ 1813ರಲ್ಲೇ ಬರೆದಿದ್ದರು. ಎಷ್ಟು ಚಂದದ ಗಮನಿಕೆ ಅಲ್ವಾ! ನೀವು ಮಾತ್ರ ತಿಂದು ನೋಡಬೇಡಿ, ಎಲೆಯಲ್ಲಿ ಹೃದಯಕ್ಕೆ ತೊಂದರೆ ಕೊಡುವ ಅಂಶವಿದೆ.

ಈಗ ನೀರು ನಿಲ್ಲಿಸಿ. ಮಣ್ಣಿಗೆ ಬೆರಳಿಳಿಸಿ ನೋಡಿ, ಮೇಲಿನ ಎರಡು ಇಂಚು ಒಣಗಿದ ಮೇಲಷ್ಟೇ ಹಾಕಿ. ಬುಡ ಮೆತ್ತಗಾಗಿದ್ದರೆ ಕಾಯಬೇಡಿ, ಗಟ್ಟಿ ಎಲೆಯೊಂದನ್ನು ಒಣ ಮಣ್ಣಿನ ಮೇಲಿಡಿ. ಹೊಸ ಗಿಡ ಬರುತ್ತದೆ.